ನಾಲ್ಕು ಅ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಯಂತ್ರ ಮತ್ತೆ ‘ಅ’ ಎಂದು ಬರೆಯಿತು.

ಅದೊಂದೇ ಅಕ್ಷರ. ಪ್ರಶ್ನೆ ಪರದೆಯ ಮೇಲೆ ಹಾಗೇ ಇತ್ತು: ‘ನಿಮ್ಮ ಹೆಸರು ಹೇಳಿ.’ ಮಂಚದ ಮೇಲೆ ಮಲಗಿದ್ದ ಹೆಂಗಸಿನ ಹೆಸರು ಸರ್ವಮಂಗಳ. ಆ ಹೆಸರು ‘ಅ’ದಿಂದ ಶುರುವಾಗುವುದಿಲ್ಲ.

ದಾವಣಗೆರೆಯ ನರಸಂವಾದ ಕೇಂದ್ರದ ಆ ಕೋಣೆಯಲ್ಲಿ ಆಗ ನಾಲ್ವರಿದ್ದರು. ಹರಿಹರ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದ ಸರ್ವಮಂಗಳ. ಅವರ ಗಂಡ ತಿಪ್ಪೇಸ್ವಾಮಿ, ಹರಿಹರದಲ್ಲೇ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವರು. ಸರ್ವಮಂಗಳ ಅವರ ತಮ್ಮ ಚನ್ನವೀರ, ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮಾರಾಟಾಧಿಕಾರಿ. ಮತ್ತು ಪ್ರಯೋಗದ ಮುಖ್ಯಸ್ಥೆ ಡಾ. ಫೌಜಿಯಾ ಖಾಜಿ.

ಎಂಟು ತಿಂಗಳ ಹಿಂದೆ ಸರ್ವಮಂಗಳ ಅವರ ಮೆದುಳಿನ ಕಾಂಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೆದುಳಿನಿಂದ ದೇಹಕ್ಕೆ ಆಜ್ಞೆ ಹೋಗುವ ದಾರಿ ಆ ಜಾಗದಲ್ಲೇ ಹಾದುಹೋಗುತ್ತದೆ. ದಾರಿ ಕಡಿದರೆ ಕೈಕಾಲು, ನಾಲಿಗೆ, ಗಂಟಲು ಎಲ್ಲವೂ ನಿಲ್ಲುತ್ತವೆ. ಮೇಲಿನ ಮೆದುಳು ಮಾತ್ರ ಎಚ್ಚರವಾಗಿ ಉಳಿಯಬಹುದು. ಇಂಥ ಕೆಲವರು ಕಣ್ಣು ಮಿಟುಕಿಸಿ ಹೌದು, ಅಲ್ಲ ಹೇಳುತ್ತಾರೆ. ಮೊದಲ ತಿಂಗಳು ಸರ್ವಮಂಗಳ ಕೂಡ ಹಾಗೆ ಹೇಳಿದ್ದರು. ಎರಡನೆಯ ಆಘಾತದ ನಂತರ ರೆಪ್ಪೆಯೂ ನಿಂತಿತು. ಅಂದಿನಿಂದ ಅವರು ಒಳಗೆ ಇದ್ದಾರೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ತಿಳಿಯುವುದಕ್ಕೇ ಹಾಳೆ ಹಾಕಿದ್ದರು. ಅದರ ಅಧಿಕೃತ ಹೆಸರು ಉದ್ದ; ಕೇಂದ್ರದಲ್ಲಿ ಎಲ್ಲರೂ ಹಾಳೆ ಎಂದೇ ಕರೆಯುತ್ತಿದ್ದರು. ಕಾಗದದಷ್ಟು ತೆಳುವಾದ, ಅಂಚೆಚೀಟಿಯ ಅಗಲದ ವಸ್ತು. ತಲೆಬುರುಡೆಯ ಕೆಳಗೆ, ಬಾಯಿ ಮತ್ತು ನಾಲಿಗೆಯನ್ನು ಆಡಿಸುವ ಮೆದುಳಿನ ಭಾಗದ ಮೇಲೆ ಅದನ್ನು ಹಾಸುತ್ತಾರೆ. ಮನುಷ್ಯ ‘ನೀರು’ ಎನ್ನಲು ಪ್ರಯತ್ನಿಸಿದರೆ ಸಾಕು, ಶಬ್ದ ಹೊರಡದಿದ್ದರೂ ಆ ಪ್ರಯತ್ನದ ವಿದ್ಯುತ್ ಅಲೆ ಹಾಳೆಗೆ ಸಿಗುತ್ತದೆ. ಯಂತ್ರ ಅದನ್ನು ಅಕ್ಷರ ಮಾಡುತ್ತದೆ. ಅದಕ್ಕೆ ಮೊದಲು ಯಂತ್ರಕ್ಕೆ ಆ ಮನುಷ್ಯನ ಅಲೆಗಳನ್ನು ಕಲಿಸಬೇಕು: ಒಂದೊಂದು ಪದ ಕೇಳಿಸಿ, ಅದನ್ನೇ ಹೇಳಲು ರೋಗಿಗೆ ತಿಳಿಸಿ, ಬಂದ ಅಲೆಗೆ ಆ ಪದದ ಚೀಟಿ ಅಂಟಿಸುತ್ತಾ ಹೋಗಬೇಕು. ಐದು ವಾರ ಅದೇ ನಡೆದಿತ್ತು. ಯಂತ್ರ ಏನೂ ಕಲಿತಿರಲಿಲ್ಲ.

“ಮೇಡಂ, ಹೋದ ವಾರನೂ ಇದೇ ಬಂದಿತ್ತಲ್ರಿ,” ಎಂದರು ತಿಪ್ಪೇಸ್ವಾಮಿ. “ಏನೋ ಒಂದು ಬಂತಲ್ಲ. ಅದಕ್ಕೆ ಅರ್ಥ ಇಲ್ವಾ?”

“ಇದೆ ಅಂತ ಹೇಳೋಕೆ ನನಗೆ ಆಸೆ ಸರ್,” ಎಂದರು ಫೌಜಿಯಾ. “ಆದ್ರೆ ಬಾಯಿ ಸುಮ್ನೆ ತೆರೆದ್ರೆ ಬರೋ ಸ್ವರ ‘ಅ’. ಏನೂ ತಿಳೀದೆ ಇದ್ದಾಗ ಯಂತ್ರ ಅದನ್ನೇ ಬರೀತದೆ. ಹೆಸರಿನ ಪ್ರಶ್ನೆಗೆ ಮಾತ್ರ ನಾವು ಹದಿನೈದು ಸೆಕೆಂಡ್ ಕಾಯ್ತೀವಿ, ಬೇರೆ ಪದಗಳಿಗೆ ಮೂರೇ ಸೆಕೆಂಡ್. ಜಾಸ್ತಿ ಹೊತ್ತು ಬಾಗಿಲು ತೆಗೆದಿಟ್ರೆ ಕಸ ಬರೋದೂ ಜಾಸ್ತಿ.”

ಚನ್ನವೀರ ಪರದೆಯ ಹತ್ತಿರ ಬಗ್ಗಿದರು. “ಅಕ್ಷರ ಆಗೋಕ್ ಮುಂಚೆ ಇದು ಹೆಂಗಿರುತ್ತೆ? ನೋಡಬಹುದಾ?”

ಫೌಜಿಯಾ ಮೂಲ ಅಲೆಯನ್ನು ತೆರೆದರು. ಉದ್ದನೆಯ ಬಯಲಿನ ಕೊನೆಯಲ್ಲಿ ಸಣ್ಣ ಗುಡ್ಡಗಳಿದ್ದವು. ನಾಲ್ಕು.

“ಬರೆದಿದ್ದು ಒಂದೇ ಅಕ್ಷರ. ಇಲ್ಲಿ ನಾಲ್ಕದಾವೆ?”

“ಪಕ್ಕಪಕ್ಕ ಒಂದೇ ಸ್ವರ ಬಂದ್ರೆ ಯಂತ್ರ ಅವನ್ನ ಸೇರಿಸಿ ಒಂದು ಮಾಡುತ್ತೆ. ನೀವು ‘ಅಕ್ಕಾ’ ಅಂತ ಎಳೆದು ಕೂಗಿದ್ರೆ ಕೊನೆಯ ಸ್ವರ ಹತ್ತು ತುಣುಕಾಗಿ ಕಾಣುತ್ತೆ. ಹತ್ತು ಅಕ್ಷರ ಬರೆಯೋಕಾಗಲ್ಲವಲ್ಲ? ಇದು ಉಸಿರಾಟದ ಮಷಿನ್ನಿನ ತಾಳವೂ ಆಗಿರಬಹುದು ಅಂತ ಹೋಲಿಸಿ ನೋಡಿದ್ದೆ. ಪೂರ್ತಿ ಹೊಂದಲಿಲ್ಲ. ಏನು ಅಂತ ಗೊತ್ತಿಲ್ಲ. ವರದಿಯಲ್ಲೂ ಗೊತ್ತಿಲ್ಲ ಅಂತಲೇ ಬರೆದಿದ್ದೀನಿ.”

ಆ ವರದಿ ಗುರುವಾರ ಕೇಂದ್ರದ ನೈತಿಕ ಸಮಿತಿಯ ಮುಂದೆ ಹೋಗಬೇಕಿತ್ತು. ಪ್ರಯೋಗಕ್ಕೆ ಕೊಟ್ಟ ಅವಧಿ ಅಂದಿಗೆ ಮುಗಿಯುತ್ತದೆ. ಫಲವಿಲ್ಲದ ಹಾಳೆಯನ್ನು ತಲೆಯೊಳಗೆ ಬಿಡುವಂತಿಲ್ಲ, ಸೋಂಕಿನ ಭಯ. ಒಮ್ಮೆ ತೆಗೆದರೆ ಆ ಜಾಗ ಗಾಯದ ಕಲೆಯಿಂದ ಗಟ್ಟಿಯಾಗುತ್ತದೆ. ಮತ್ತೆ ಹಾಳೆ ಹಾಸಲು ಬರುವುದಿಲ್ಲ. ಸಮಿತಿ ತೆಗೆಯಿರಿ ಎಂದರೆ ಸರ್ವಮಂಗಳ ಪ್ರಜ್ಞೆ ಇಲ್ಲದವರೆಂಬ ಷರಾದೊಂದಿಗೆ ಮನೆಗೆ ಹೋಗುತ್ತಾರೆ. ಆಮೇಲೆ ಕೇಳುವ ಯಂತ್ರವೂ ಇಲ್ಲ.

ಹೊರಗಿನ ಪಡಸಾಲೆಯಲ್ಲಿ ಚನ್ನವೀರ ಮೆಲ್ಲಗೆ ಹೇಳಿದರು. “ಭಾವ, ಸಾಕು ಅನ್ಸುತ್ತೆ. ಆಕೆ ಅಲ್ಲಿಲ್ಲ. ನಾವು ಆ ದೇಹನ ಹಿಂಸೆ ಮಾಡ್ತಾ ಇದೀವಿ.”

“ಹೋದ ವಾರ ನೀನು ಆಕಿ ಮಂಚದ ಪಕ್ಕನೇ ನಿಂತ್ಕೊಂಡು ಇದೇ ಅಂದೆ. ಆಕಿ ಕೇಳಿಸ್ಕೊಂಡಿದ್ರೆ?”

“ಕೇಳಿಸ್ಕೊಂಡಿದ್ರೆ ಬೈತಿದ್ಳು.”

“ಬೈತಾಳೆ ತಡಿ.” ತಿಪ್ಪೇಸ್ವಾಮಿ ಚಪ್ಪಲಿ ಮೆಟ್ಟಿಕೊಂಡರು. “ಕಂಡಕ್ಟರ್ ರೈಟ್ ಅನ್ನದೆ ಗಾಡಿ ಬಿಡಾಕೆ ಬರಲ್ಲಪ್ಪ. ಆಕಿ ರೈಟ್ ಅನ್ನೋ ತನಕ ನಾನು ಎಲ್ಲೂ ಹೊರಡಲ್ಲ.”

ಆ ಮಧ್ಯಾಹ್ನ ಅವರಿಬ್ಬರೂ ಹರಿಹರದ ಮನೆಗೆ ಬಂದರು. ಮಗಳು ಸಿಂಚನ ಅನ್ನ ಸಾರು ಮಾಡಿಟ್ಟಿದ್ದಳು. ತಿಪ್ಪೇಸ್ವಾಮಿ ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡಿದ್ದರು. ಮೆಣಸಿನಕಾಯಿಗೆ ಸೋಡಾ ಜಾಸ್ತಿಯಾಗಿದೆ ಎಂದರು ಒಬ್ಬರು, ಇಲ್ಲ ಸರಿಯಾಗಿದೆ ಎಂದರು ಇನ್ನೊಬ್ಬರು. ಆಡಬೇಕಾದ ಮಾತನ್ನು ಬಿಟ್ಟು ಎಲ್ಲರೂ ಮೆಣಸಿನಕಾಯಿಯ ಮಾತನ್ನೇ ಆಡಿದರು.

ಕೊನೆಗೆ ಚನ್ನವೀರನೇ ಶುರು ಮಾಡಿದರು. ಗುರುವಾರದ ನಂತರ ಅಕ್ಕ ಮನೆಗೆ ಬಂದರೆ ಉಸಿರಾಟದ ಯಂತ್ರ ಬಾಡಿಗೆಗೆ ಬೇಕು. ಅದನ್ನು ಕೊಡುವ ಕಂಪನಿಯೊಂದು ದಾವಣಗೆರೆಯಲ್ಲಿದೆ ಎಂದು ಯಾರೋ ಹೇಳಿದ್ದರು.

“ಸಿಂಚನಾ, ಅವರ ಆ್ಯಪ್ ಇದೆಯಂತೆ. ಬಾಡಿಗೆ ಎಷ್ಟು ನೋಡು.”

“ಅಪ್ಪ ಒಪ್ಪಿದಾರಾ?”

“ನೋಡಾಕೆ ಏನು ಒಪ್ಪಿಗೆ? ನೋಡು,” ಎಂದರು ತಿಪ್ಪೇಸ್ವಾಮಿ, ತಟ್ಟೆಯಿಂದ ತಲೆ ಎತ್ತದೆ.

ಸಿಂಚನ ಎಡಗೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಟಕಟಕ ಒತ್ತಿದಳು. ಚನ್ನವೀರ ಪಕ್ಕದಿಂದ ನೋಡುತ್ತಿದ್ದರು. ಹೆಸರು ಬರೆಯುವ ಜಾಗದಲ್ಲಿ ಇಂಗ್ಲಿಷಿನ ಮೊದಲ ಅಕ್ಷರವೊಂದೇ ನಾಲ್ಕು ಸಲ ಬಿದ್ದಿತ್ತು.

“ಏನಮ್ಮ ಅದು ಹೆಸರು?”

“ಏ ಮಾಮ, ರೇಟ್ ನೋಡಾಕೆ ನಮ್ಮ ಹೆಸರು ಯಾಕೆ ಅವರಿಗೆ? ನಾಲ್ಕು ಸಲ ಎ ಒತ್ತಿದ್ರೆ ಸಾಕು, ಒಳಗೆ ಬಿಡ್ತದೆ. ಅಮ್ಮನೇ ಹೇಳಿಕೊಟ್ಟಿದ್ದು. ಅಮ್ಮ ಎಲ್ಲಾ ಕಡೆ ಇದನ್ನೇ ಒತ್ತಾಳೆ. ಹೆಸರು ಕೇಳೋ ಮಷಿನ್ನಿಗೆ ಅಷ್ಟೇ ಸಾಕು ಅಂತಾಳೆ.”

ಚನ್ನವೀರನ ಕೈ ತಟ್ಟೆಯ ಮೇಲೆ ನಿಂತಿತು.

“ಏನಾತು ಮಾಮ? ಖಾರ ಆತಾ?”

“ನಾಲ್ಕು ಅ,” ಎಂದರು ಚನ್ನವೀರ. “ಭಾವ, ಅದು ನಾಲ್ಕು ಅ. ಆ ಮಷಿನ್ ಆಕೆಗೆ ಹೆಸರು ಹೇಳು ಅಂತಿತ್ತು. ಆಕೆ ಹೇಳಿದ್ಳು.”

ತಿಪ್ಪೇಸ್ವಾಮಿಗೆ ಅರ್ಥವಾಗಲಿಲ್ಲ. ಚನ್ನವೀರ ಕೈ ತೊಳೆಯುವುದನ್ನೂ ಮರೆತು ಹೇಳಿದರು.

ನಲವತ್ತು ವರ್ಷದ ಹಿಂದಿನ ಮಾತು. ಅವರ ತಂದೆ ನದಿಯಾಚೆಯ ನಾರಿನ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಹೊಸ ಯಂತ್ರ ಕೂರಿಸಲು ಜಪಾನಿನಿಂದ ಕುವಾಬಾರ ಎಂಬ ಎಂಜಿನಿಯರ್ ಹೆಂಡತಿ, ಮಗನೊಂದಿಗೆ ಬಂದು ಪಕ್ಕದ ಮನೆಯಲ್ಲಿ ಒಂದು ವರ್ಷ ಇದ್ದರು. ಹೊರಡುವಾಗ ಮಗನ ವಿಡಿಯೋ ಗೇಮನ್ನು ಈ ಮನೆಯ ಇಬ್ಬರು ಮಕ್ಕಳಿಗೆ, ಸರ್ವಮಂಗಳ ಮತ್ತು ಚನ್ನವೀರನಿಗೆ, ಬಿಟ್ಟುಹೋದರು. ಬಿಳಿ ಪೆಟ್ಟಿಗೆ, ಕೆಂಪು ಅಂಚು, ತಂತಿಯಲ್ಲಿ ಕಟ್ಟಿದ ಎರಡು ಕಂಟ್ರೋಲರ್. ಜಪಾನಿನ ಮನೆಯ ವಿದ್ಯುತ್ತು ನೂರು ವೋಲ್ಟ್, ನಮ್ಮದು ಅದರ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿನ ಚಿತ್ರದ ಸಂಕೇತ ನಮ್ಮ ಟಿ.ವಿ.ಗೆ ಹಿಡಿಯುವುದಿಲ್ಲ. ಅದು ಗೊತ್ತಿದ್ದ ಮನುಷ್ಯ ಟ್ರಾನ್ಸ್‌ಫಾರ್ಮರನ್ನೂ ತಮ್ಮ ಸಣ್ಣ ಟಿ.ವಿ.ಯನ್ನೂ ಕೊಟ್ಟು ಹೋಗಿದ್ದರು.

ಕ್ಯಾಸೆಟ್‌ಗಳಲ್ಲಿ ಕಾರು ಓಡಿಸುವುದು, ಗುಂಡು ಹಾರಿಸುವುದು ಇದ್ದವು. ಮಕ್ಕಳು ಹಿಡಿದುಕೊಂಡದ್ದು ಇನ್ನೊಂದನ್ನು. ಅದಕ್ಕೆ ಕಥೆ ಗೇಮ್ ಎಂದು ಹೆಸರಿಟ್ಟರು. ಒಬ್ಬ ಹುಡುಗ ಕತ್ತಿ ಹಿಡಿದು ಊರೂರು ಅಲೆಯುತ್ತಾನೆ, ಜನರನ್ನು ಮಾತಾಡಿಸುತ್ತಾನೆ, ಕಾಡಿನಲ್ಲಿ ಪ್ರಾಣಿ ಎದುರಾದರೆ ಹೊಡೆಯುತ್ತಾನೆ, ಬಲ ಹೆಚ್ಚಿಸಿಕೊಳ್ಳುತ್ತಾನೆ, ಸಮುದ್ರ ದಾಟುತ್ತಾನೆ. ಎಲ್ಲವೂ ಬರಹದಲ್ಲಿ, ಜಪಾನಿ ಬರಹದಲ್ಲಿ. ಇಬ್ಬರಿಗೂ ಓದಲು ಬರುತ್ತಿದ್ದುದು ಅಂಕಿಗಳು ಮಾತ್ರ.

ಒಂದು ಅಕ್ಷರ ಮಾತ್ರ ಕುವಾಬಾರ ಹೇಳಿಕೊಟ್ಟಿದ್ದರು. ಆಟ ಶುರುವಾದಾಗ ಹುಡುಗನಿಗೆ ಹೆಸರು ಕೇಳುತ್ತದೆ, ಅಕ್ಷರಮಾಲೆ ಮೂಡುತ್ತದೆ, ಮೊದಲ ಅಕ್ಷರದ ಮೇಲೆ ಬಾಣ ನಿಂತಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ಅವರು ಹೇಳಿದ್ದರು, ನಿಮ್ಮಲ್ಲೂ ಮೊದಲು ಅ, ನಮ್ಮಲ್ಲೂ ಮೊದಲು ಅ. ಹೆಸರಿಗೆ ನಾಲ್ಕು ಮನೆ. ಸರ್ವಮಂಗಳ ಬಾಣವನ್ನು ಕದಲಿಸದೆ ನಾಲ್ಕು ಸಲ ಒತ್ತುತ್ತಿದ್ದಳು. ಹೀಗಾಗಿ ಆ ಹುಡುಗ ಅಅಅಅ ಆದ. ಎಷ್ಟು ಸಲ ಸತ್ತು ಮತ್ತೆ ಹುಟ್ಟಿದರೂ ಅವನ ಹೆಸರು ಅದೇ.

“ನೀನೂ ಆಡ್ತಿದ್ಯಾ?” ಎಂದು ಕೇಳಿದರು ತಿಪ್ಪೇಸ್ವಾಮಿ.

“ನನ್ನ ಕೈಗೆ ಎರಡನೇ ಕಂಟ್ರೋಲರ್ ಕೊಟ್ಟಿದ್ಳು. ಅದರಾಗೆ ಒಂದು ಸಣ್ಣ ಮೈಕ್ ಇತ್ತು. ಅದರಾಗೆ ಕೂಗಿದ್ರೆ ಅಅಅಅಗೆ ಶಕ್ತಿ ಬರ್ತದೆ ಅಂದಿದ್ಳು. ಎರಡು ಬೇಸಿಗೆ ರಜೆ ಕೂಗೀನಿ ಭಾವ. ಒಬ್ಬರೇ ಆಡೋ ಗೇಮ್ ಅದು. ಆ ಮೈಕಿಗೂ ಅದಕ್ಕೂ ಸಂಬಂಧನೇ ಇರಲಿಲ್ಲ.”

ಸಿಂಚನ ನಕ್ಕಳು. ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಅಮ್ಮನ ಮಾತೆತ್ತಿ ನಕ್ಕಿರಲಿಲ್ಲ.

ಚನ್ನವೀರ ಅಲ್ಲಿಂದಲೇ ಫೌಜಿಯಾಗೆ ಫೋನ್ ಮಾಡಿದರು. ಆಕೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

“ಸರ್, ನೀವು ಹೇಳಿದ್ದು ನಿಜ ಇರಬಹುದು,” ಎಂದರು. “ಆದ್ರೆ ಸಮಿತಿಗೆ ಇದು ನಾಲ್ಕು ಗುಡ್ಡ, ಒಂದು ನೆನಪು. ಮನೆಯವರು ಮೋಡದಲ್ಲೂ ಮುಖ ನೋಡ್ತಾರೆ. ನನ್ನ ಅಮ್ಮ ಆಗಿದ್ರೆ ನಾನೂ ನೋಡ್ತಿದ್ದೆ.”

“ಹಂಗಾದ್ರೆ ಆಗಲ್ಲಾ?”

“ತಡೀರಿ. ನಾನು ಬೇರೆ ಏನೋ ಯೋಚನೆ ಮಾಡ್ತಿದ್ದೀನಿ. ಅದು ಅಕ್ಷರ ಹೌದೋ ಅಲ್ವೋ ಆಮೇಲೆ. ಅದು ಯಾವಾಗ ಶುರುವಾಗುತ್ತೆ?” ಕೀಲಿಗಳ ಸದ್ದು ಕೇಳಿಸಿತು. “ಏಳು ಸೆಕೆಂಡ್. ಪ್ರಶ್ನೆ ಮುಗಿದು ಏಳು ಸೆಕೆಂಡಿಗೆ. ಪ್ರತಿ ಸಲನೂ ಹೆಚ್ಚುಕಮ್ಮಿ ಅಷ್ಟೇ. ಕಸ ಹೀಗೆ ಹೊತ್ತು ನೋಡ್ಕೊಂಡು ಬರಲ್ಲ.”

ತಪ್ಪು ಅಲ್ಲಿತ್ತು. ಹಿಂದೆ ಫಲ ಸಿಕ್ಕ ರೋಗಿಗಳೆಲ್ಲ ಪದ ಕೇಳಿದ ಒಂದು ಸೆಕೆಂಡಿನೊಳಗೆ ಹೇಳಲು ಶುರುಮಾಡುತ್ತಿದ್ದರು. ಅದನ್ನು ನಂಬಿ ಪದದ ಪಾಠಕ್ಕೆ ಮೂರೇ ಸೆಕೆಂಡ್ ಕಾಯುವ ಕಿಟಕಿ ಇಟ್ಟಿದ್ದರು. ಎರಡು ಆಘಾತವಾದ ಈ ಮೆದುಳಿಗೆ ಹೊರಡಲು ಏಳು ಸೆಕೆಂಡ್ ಬೇಕಿತ್ತು. ‘ನೀರು’ ಎಂಬ ಚೀಟಿ ಅಂಟಿದ್ದು ಖಾಲಿ ಬಯಲಿಗೆ. ಸರ್ವಮಂಗಳ ‘ನೀರು’ ಎಂದಾಗ ಯಂತ್ರ ಅದನ್ನು ಮುಂದಿನ ಪದಕ್ಕೋ ಅದರ ಮುಂದಿನದಕ್ಕೋ ಅಂಟಿಸಿತ್ತು. ಐದು ವಾರ ಯಂತ್ರ ಕಲಿತದ್ದು ತಪ್ಪು ಪಾಠ. ಹದಿನೈದು ಸೆಕೆಂಡ್ ಕಾಯುವ ಹೆಸರಿನ ಪ್ರಶ್ನೆಯೊಂದರಲ್ಲೇ ಅವರ ಉತ್ತರ ಕಿಟಕಿಯೊಳಗೆ ಬಂದಿತ್ತು. ಬಂದ ನಾಲ್ಕು ಅಕ್ಷರವನ್ನು ಸೇರಿಸುವ ನಿಯಮ ಒಂದು ಮಾಡಿತ್ತು.

ಫೌಜಿಯಾ ಹಳೆಯ ದಾಖಲೆಯ ಎಲ್ಲ ಚೀಟಿಗಳನ್ನೂ ಏಳು ಸೆಕೆಂಡ್ ಮುಂದಕ್ಕೆ ಸರಿಸಿ ಯಂತ್ರಕ್ಕೆ ಮೊದಲಿನಿಂದ ಕಲಿಸಲು ಕೊಟ್ಟರು. ಅದು ಮುಗಿಯಲು ಮಂಗಳವಾರ ಪೂರ್ತಿ ಹಿಡಿಯಿತು.

“ಯಂತ್ರ ಕಲಿತ ಮೇಲೆ ಪರೀಕ್ಷೆ ಬೇಕು,” ಎಂದರು ಅಂದು ಸಂಜೆ. “ನಾವು ಕಲಿಸಿದ ಪಟ್ಟಿಯಲ್ಲಿ ಇಲ್ಲದ ಪದ ಬರಬೇಕು. ಪದ ಊಹಿಸಿ ತಿದ್ದೋ ಭಾಗ, ಸ್ವರ ಸೇರಿಸೋ ನಿಯಮ ಎರಡನ್ನೂ ಆಫ್ ಮಾಡ್ತೀನಿ. ಪ್ರಶ್ನೆ ನಿಮ್ಮದು. ಉತ್ತರ ಏನಿರಬಹುದು ಅಂತ ನನಗೆ ಗೊತ್ತಿರಬಾರದು, ಅಕ್ಷರ ಓದೋಳು ನಾನು. ನಿಮ್ಮ ಹತ್ರ ಅಂಥ ಪ್ರಶ್ನೆ ಇದೆಯಾ?”

“ಪ್ರಶ್ನೆ ಇಲ್ಲ ಮೇಡಂ. ಗೇಮ್ ಐತೆ,” ಎಂದರು ಚನ್ನವೀರ.

ಅದು ಅಟ್ಟದಲ್ಲಿ, ಹಳೆಯ ಸೂಟ್‌ಕೇಸಿನಲ್ಲಿತ್ತು. ಸರ್ವಮಂಗಳ ಮದುವೆಯಾಗಿ ಬರುವಾಗ ಜೊತೆಗೆ ತಂದಿದ್ದರು. ತಿಪ್ಪೇಸ್ವಾಮಿ ಅದು ಇಸ್ತ್ರಿಪೆಟ್ಟಿಗೆಯ ಭಾಗ ಎಂದುಕೊಂಡಿದ್ದರಂತೆ. ಬುಧವಾರ ಬೆಳಿಗ್ಗೆ ಸೂಟ್‌ಕೇಸ್ ದಾವಣಗೆರೆಗೆ ಬಂತು. ಸಣ್ಣ ಟಿ.ವಿ. ಯಾವಾಗಲೋ ಸತ್ತಿತ್ತು, ಎರಡೂ ಬಗೆಯ ಸಂಕೇತ ಹಿಡಿಯುವ ಹಳೆಯ ಟಿ.ವಿ.ಯೊಂದು ಕೇಂದ್ರದ ಸ್ಟೋರಿನಲ್ಲಿ ಸಿಕ್ಕಿತು. ಕ್ಯಾಸೆಟ್ ಹಾಕಿದರೆ ಪರದೆ ಬೂದು. ಚನ್ನವೀರ ಅದನ್ನು ಹೊರಗೆಳೆದು ಬಾಯಿಯ ಹತ್ತಿರ ಹಿಡಿದರು.

“ಊದಬೇಡಿ!” ಎಂದರು ಫೌಜಿಯಾ. “ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತೆ.” ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿನ್‌ಗಳನ್ನು ಒಂದೊಂದಾಗಿ ಒರೆಸಿದರು. “ನಮ್ಮನೇಲೂ ಒಂದಿತ್ತು. ಡಬ್ಬಿ ಮೇಲೆ ಒಂಬತ್ತು ಸಾವಿರ ಗೇಮ್ ಅಂತ ಬರೆದಿತ್ತು. ಒಳಗಿದ್ದದ್ದು ಐದು. ನನ್ನ ಅಣ್ಣ ಊದಿ ಊದಿ ಅದನ್ನ ಸಾಯಿಸಿದ.”

ಈ ಸಲ ಪರದೆ ನೀಲಿಯಾಯಿತು. ಆಟವನ್ನು ನೆನಪಿಟ್ಟುಕೊಳ್ಳುವ ಸಣ್ಣ ಬ್ಯಾಟರಿ ಕ್ಯಾಸೆಟ್‌ನೊಳಗೆ ಯಾವಾಗಲೋ ಬರಿದಾಗಿತ್ತು. ಸರ್ವಮಂಗಳ ಗೆದ್ದ ಊರು, ದಾಟಿದ ಸಮುದ್ರ ಏನೂ ಉಳಿದಿರಲಿಲ್ಲ. ಆಟ ಮೊದಲಿನಿಂದ ಶುರುವಾಗಬೇಕಿತ್ತು.

ಫೌಜಿಯಾ ನಿಯಮ ಹೇಳಿದರು. ಟಿ.ವಿ. ತಮಗೆ ಕಾಣದಂತೆ ತಿರುಗಿರಬೇಕು. ಚನ್ನವೀರ ಪರದೆಯಲ್ಲಿ ಇರುವುದನ್ನು ಮಾತ್ರ ಹೇಳಬೇಕು. ಉತ್ತರದ ಸುಳಿವು ಬಾಯಿಂದ ಬರಬಾರದು. ತಾವು ಗಾಜಿನ ಆಚೆ ಕುಳಿತು ಬಂದ ಅಕ್ಷರಗಳನ್ನು ಮೈಕಿನಲ್ಲಿ ಓದುತ್ತಾರೆ. ಎಷ್ಟು ಹೊತ್ತಾದರೂ ಯಾರೂ ಅವಸರ ಮಾಡಬಾರದು.

“ಅದಕ್ಕೆ ತೊಂದರೆ ಇಲ್ಲ,” ಎಂದರು ಚನ್ನವೀರ. “ಈ ಗೇಮ್ ಕಾಯ್ತದೆ. ನಾವು ಗುಂಡಿ ಒತ್ತೋ ತನಕ ಎದುರಿಗೆ ಬಂದ ದೆವ್ವನೂ ಸುಮ್ನೆ ನಿಂತಿರ್ತದೆ.”

ಮೊದಲನೆಯ ಕಂಟ್ರೋಲರನ್ನು ಅವರು ಜೀವನದಲ್ಲಿ ಮೊದಲ ಬಾರಿಗೆ ಕೈಗೆ ತೆಗೆದುಕೊಂಡರು. ಆಟದ ಸಂಗೀತ ಶುರುವಾಯಿತು. ಮೂರು ಎಳೆಗಳ ತೆಳುವಾದ ರಾಗ. ಮಂಚದ ಮೇಲಿನ ಮುಖದಲ್ಲಿ ಬದಲಾವಣೆ ಇರಲಿಲ್ಲ, ಇರುವಂತೆಯೂ ಇರಲಿಲ್ಲ.

“ಅಕ್ಕಾ, ಹೆಸರು ಕೇಳ್ತಾ ಐತೆ.”

ಏಳು ಸೆಕೆಂಡ್ ಬಹಳ ಉದ್ದ. ಅಷ್ಟರಲ್ಲಿ ತಿಪ್ಪೇಸ್ವಾಮಿ ಎರಡು ಸಲ ಗಂಟಲು ಸರಿಮಾಡಿಕೊಂಡರು.

“ಅ,” ಎಂದಿತು ಗಾಜಿನಾಚೆಯ ಧ್ವನಿ. “ಅ. ಅ. ಅ.” ಸ್ವಲ್ಪ ತಡೆದು, “ಇದು ಪುರಾವೆ ಅಲ್ಲ. ಇದು ನನಗೂ ಗೊತ್ತಿತ್ತು. ಮುಂದಕ್ಕೆ ಹೋಗಿ.”

ಚನ್ನವೀರ ನಾಲ್ಕು ಸಲ ಒತ್ತಿದರು. ಹುಡುಗ ಊರಿನಲ್ಲಿ ಎದ್ದು ನಿಂತ. ಮುದುಕನೊಬ್ಬ ಏನೋ ಹೇಳಿ ಏನೋ ಕೊಟ್ಟ. ಊರಿನ ಹೊರಗೆ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೇ ಕೊಡೆಯಂಥ ಪ್ರಾಣಿ ಎದುರಾಯಿತು. ಅದರ ನಿಜವಾದ ಹೆಸರು ಅವರಿಗೆ ಇಂದಿಗೂ ಗೊತ್ತಿಲ್ಲ. ಅವರ ಪಾಲಿಗೆ ಅದು ಛತ್ರಿ. ಬೇಕೆಂದೇ ಏಟು ತಿನ್ನುತ್ತಾ ಹೋದರು. ಹುಡುಗನ ಜೀವದ ಅಂಕಿ ಇಳಿಯುತ್ತಾ ಬಂತು.

“ಅಕ್ಕಾ, ಛತ್ರಿ ಬಂದೈತೆ. ಜೀವ ಮೂರೇ ಉಳಿದೈತೆ. ಏನ್ ಮಾಡ್ಲಿ?”

ಪರದೆಯ ಮೇಲೆ ಪ್ರಾಣಿ ಕದಲದೆ ನಿಂತಿತ್ತು. ಬಾ ಎಂದೂ ಅನ್ನದೆ, ಹೋಗು ಎಂದೂ ಅನ್ನದೆ. ಉಸಿರಾಟದ ಯಂತ್ರ ತನ್ನ ಪಾಡಿಗೆ ತಾನು ಸದ್ದು ಮಾಡುತ್ತಿತ್ತು.

“ಕೊ,” ಎಂದರು ಫೌಜಿಯಾ. “ತ. ಬ. ರಿ. ಕೊತಬರಿ.” ಅಕ್ಷರಗಳನ್ನು ಮತ್ತೊಮ್ಮೆ ನೋಡಿದರು. “ಸರ್, ಇದು ಕೊತ್ತಂಬರಿ ಇರಬಹುದಾ? ಆದ್ರೂ ನಿಮ್ಮ ಪ್ರಶ್ನೆಗೆ ಸಂಬಂಧ ಇಲ್ಲ ಅನ್ಸುತ್ತೆ. ಮತ್ತೊಂದು ಸಲ ಕೇಳಿ.”

ಚನ್ನವೀರ ಕಂಟ್ರೋಲರನ್ನು ತೊಡೆಯ ಮೇಲಿಟ್ಟರು.

“ಸರ್? ಕೇಳಿಸ್ತಾ ಇದೆಯಾ?”

ಅವರು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. “ಸಂಬಂಧ ಐತೆ ಮೇಡಂ,” ಎಂದರು. “ಔಷಧಿ ಅದು. ಗಾಯ ಆದಾಗ ತಿನ್ನೋದು. ಅದರ ಹೆಸರು ಓದಾಕೆ ಬರ್ತಿರಲಿಲ್ಲ. ಈ ಹುಡುಗನ ಚೀಲ ತೆಗೆದ್ರೆ ಯಾವಾಗ್ಲೂ ಎಲ್ಲಕ್ಕಿಂತ ಮೇಲೆ ಇರ್ತಿತ್ತು. ನಮ್ಮವ್ವ ಸಂತೆ ಮಾಡ್ಕೊಂಡು ಬಂದಾಗ ಚೀಲದಾಗೆ ಮೇಲೆ ಕೊತ್ತಂಬರಿ ಇರ್ತಿತ್ತಲ್ಲ, ಬಾಡಬಾರದು ಅಂತ. ಅದಕ್ಕೆ ಅಕ್ಕ ಅದನ್ನ ಕೊತ್ತಂಬರಿ ಅಂದ್ಳು. ಭೂಮಿ ಮೇಲೆ ನಾವಿಬ್ಬರು ಬಿಟ್ರೆ ಯಾರೂ ಹಂಗೆ ಕರಿಯಲ್ಲ.”

ತಿಪ್ಪೇಸ್ವಾಮಿ ಹೆಂಡತಿಯ ಕಾಲಿನ ಬಳಿ ನಿಂತಿದ್ದರು. ಮಂಚದ ಕಂಬಿಯನ್ನು ಹಿಡಿದುಕೊಂಡು ನಿಧಾನವಾಗಿ ಕುರ್ಚಿಯಲ್ಲಿ ಕುಳಿತರು.

“ಒಂದು ಉತ್ತರ ಸಾಲದು,” ಎಂದರು ಫೌಜಿಯಾ. “ಇನ್ನೊಂದು ಬೇಕು. ನಿಮಗೂ ಉತ್ತರ ಗೊತ್ತಿರಬಾರದು, ಹಾಗೆ ಕೇಳಿ.”

ಚನ್ನವೀರ ಕೊತ್ತಂಬರಿ ತಿನ್ನಿಸಿದರು. ಛತ್ರಿ ಸತ್ತಿತು. ಕಾಡಿನ ಅಂಚಿಗೆ ಹೋದಾಗ ಮೊದಲ ಹಂತದ ಹುಡುಗನ ಕೈಲಿ ಆಗದಂಥದ್ದು ಎದುರಾಯಿತು: ಕೊಡಲಿ ಹಿಡಿದ ಎಲುಬಿನ ಗೂಡು. ಆಟದಲ್ಲಿ ನಾಲ್ಕು ಆಜ್ಞೆಗಳಿದ್ದವು. ಅವಕ್ಕೂ ಅಕ್ಕ ತಮ್ಮ ಇಬ್ಬರೂ ಜಾಗ ನೋಡಿ ಹೆಸರಿಟ್ಟಿದ್ದರು: ಹೊಡಿ, ಮಂತ್ರ, ಚೀಲ, ಓಡು. ಚನ್ನವೀರನ ಹೆಬ್ಬೆರಳು ಯೋಚಿಸದೆಯೇ ಬಾಣವನ್ನು ನಾಲ್ಕನೆಯದಕ್ಕೆ ತಂದಿತ್ತು. ಬಾಣ ಇಳಿದಾಗಲೆಲ್ಲ ಟಿ.ವಿ. ಟಿಕ್ ಎಂದಿತ್ತು, ಮೂರು ಸಲ.

“ಅಕ್ಕಾ,” ಎಂದರು. “ಎಲುಬುಗೂಡು ಬಂದೈತೆ.”

ಅಷ್ಟೇ ಹೇಳಿದರು. ಕಾದರು. ಏಳು ಸೆಕೆಂಡ್ ಕಳೆಯಿತು, ಹತ್ತಾಯಿತು. ನಂತರ ಫೌಜಿಯಾ ಓದಲು ಶುರುಮಾಡಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದರು.

“ಓ. ಡ. ಬ್ಯಾ. ಡ. ಲೇ.” ಸ್ವಲ್ಪ ಹೊತ್ತು ಬಿಟ್ಟು, “ಪು. ಕ. ಲ. ಓಡಬ್ಯಾಡಲೇ ಪುಕಲ.” ಆಮೇಲೆ, ತೀರಾ ಗಂಭೀರವಾಗಿ, “ಇದು ನನಗೆ ಹೇಳಿದ್ದಲ್ಲ ಅಂದ್ಕೋತೀನಿ.”

ತಿಪ್ಪೇಸ್ವಾಮಿ ನಗಲು ಶುರುಮಾಡಿದವರು ನಿಲ್ಲಿಸಲಾಗದೆ ಅತ್ತರು. “ಆಕಿನೇ,” ಎಂದರು. “ಆಕಿನೇ ಕಣ್ರೀ. ನಾನು ಹೇಳಿದ್ನಲ್ಲ, ಬೈತಾಳೆ ಅಂತ.”

ಚನ್ನವೀರ ಮಂಚದ ಪಕ್ಕ ಬಂದು ಅಕ್ಕನ ಕೈ ಹಿಡಿದುಕೊಂಡರು. ಚಿಕ್ಕವರಿದ್ದಾಗ ದೊಡ್ಡ ಪ್ರಾಣಿ ಬಂದರೆ ಅವರು ಓಡು ಓಡು ಎಂದು ಮೈಕಿನಲ್ಲಿ ಕೂಗುತ್ತಿದ್ದರು, ಆಕೆ ಇದೇ ಮಾತಿನಿಂದ ಬೈಯುತ್ತಿದ್ದರು. ಹೋದ ವಾರ ಇದೇ ಜಾಗದಲ್ಲಿ ನಿಂತು ಚನ್ನವೀರ ಸಾಕು ಮಾಡೋಣ ಎಂದಿದ್ದರು.

“ಅವತ್ತು ಕೇಳಿಸ್ತಾ ನಿಂಗೆ?” ಎಂದು ಕೇಳಿದರು. ಇದಕ್ಕೆ ಆಟದ ಪರದೆ ಬೇಕಿರಲಿಲ್ಲ.

“ಕೇ. ಳಿ. ತು,” ಎಂದು ಗಾಜಿನಾಚೆಯಿಂದ ಬಂತು.

“ತಪ್ಪಾತು ಅಕ್ಕಾ.”

ಉತ್ತರಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. “ಹೊ. ಡಿ,” ಎಂದು ಓದಿದರು ಫೌಜಿಯಾ. “ಹೊಡಿ. ಅಂದ್ರೆ? ನಿಮ್ಮನ್ನಾ?”

“ಎಲುಬುಗೂಡನ್ನ ಮೇಡಂ,” ಎಂದು ಚನ್ನವೀರ ಕಂಟ್ರೋಲರಿಗೆ ವಾಪಸಾದರು.

ಹೊಡೆದರು. ಎಲುಬುಗೂಡಿನ ಮೊದಲನೆಯ ಏಟಿಗೇ ಅಅಅಅ ಸತ್ತ. ಯಾರಿಗೂ ಬೇಸರವಾಗಲಿಲ್ಲ. ಆಟ ಹುಡುಗನನ್ನು ಮತ್ತೆ ಊರಿನಲ್ಲಿ ಎಬ್ಬಿಸಿ ನಿಲ್ಲಿಸಿತು.

ಮಧ್ಯಾಹ್ನ ಸಿಂಚನ ಬಂದಳು. ನಿನ್ನ ಹೆಸರನ್ನು ಬಿಟ್ಟು ಅಅಅಅ ಎಂದು ಯಾಕೆ ಹೇಳುತ್ತಿದ್ದೆ ಎಂದು ಅಮ್ಮನನ್ನು ಕೇಳಿದಳು. ತುಣುಕು ತುಣುಕಾಗಿ ಬಂದ ಉತ್ತರವನ್ನು ಕೂಡಿಸಿದಾಗ ಆದದ್ದು ಇಷ್ಟು: ಸರ್ವಮಂಗಳ ಉದ್ದ. ಹತ್ತು ಸಲ ಹೇಳಿದೆ. ಮಷಿನ್ನಿಗೆ ತಿಳಿಯಲಿಲ್ಲ. ಹೆಸರು ಕೇಳೋ ಮಷಿನ್ನಿಗೆ ಅಷ್ಟೇ ಸಾಕು.

ಫೌಜಿಯಾ ಆ ಮಾತನ್ನು ವರದಿಗೆ ಹಾಗೆಯೇ ಸೇರಿಸಿದರು. ‘ಗೊತ್ತಿಲ್ಲ’ ಎಂದಿದ್ದ ಸಾಲನ್ನು ತೆಗೆಯಲಿಲ್ಲ. ಅದರ ಕೆಳಗೆ ದಿನಾಂಕ ಹಾಕಿ ಗೊತ್ತಾದದ್ದನ್ನು ಬರೆದರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನೈತಿಕ ಸಮಿತಿಯ ಐವರು ಸದಸ್ಯರು ಸಭಾಂಗಣ ಬಿಟ್ಟು ರೋಗಿಯ ಕೋಣೆಗೇ ಬಂದರು. ಹಾಳೆಯನ್ನು ಉಳಿಸಿ ಪ್ರಯೋಗ ಮುಂದುವರಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಅಧ್ಯಕ್ಷರು ಸರ್ವಮಂಗಳ ಅವರನ್ನೇ ಕೇಳಿದರು. ಎಲ್ಲರೂ ಕಾದರು. ಸೇರಿಸುವ ನಿಯಮವನ್ನು ತೆಗೆದುಹಾಕಿದ್ದ ಪರದೆಯ ಮೇಲೆ ಒಂದೇ ಪದ ಎರಡು ಸಲ ಮೂಡಿತು: ‘ರೈಟ್ ರೈಟ್’. ಇದನ್ನು ನಡಾವಳಿಯಲ್ಲಿ ಹೇಗೆ ಬರೆಯಬೇಕೆಂದು ಕಾರ್ಯದರ್ಶಿ ಕೇಳಿದರು. ಗಾಡಿ ಬಿಡಬಹುದು ಅಂತ ಬರ್ಕೊಳ್ಳಿ ಎಂದರು ತಿಪ್ಪೇಸ್ವಾಮಿ. ಕಾರ್ಯದರ್ಶಿ ‘ಒಪ್ಪಿಗೆ ಇದೆ’ ಎಂದು ಬರೆದರು.

ಮುಂದಿನ ವಾರ ಫೌಜಿಯಾ ಕಿಟಕಿಯನ್ನು ಅಗಲಿಸಿ, ಸೇರಿಸುವ ನಿಯಮವಿಲ್ಲದೆ, ಫಲವಿಲ್ಲ ಎಂದು ಮುಚ್ಚಿಟ್ಟಿದ್ದ ಹಿಂದಿನ ಆರು ರೋಗಿಗಳ ದಾಖಲೆಗಳನ್ನು ಮತ್ತೆ ಓಡಿಸಿದರು. ಐವರ ದಾಖಲೆಯಲ್ಲಿ ಏನೂ ಸಿಗಲಿಲ್ಲ. ಆರನೆಯವರು ಹೊನ್ನಾಳಿಯ ನಿವೃತ್ತ ಪೋಸ್ಟ್‌ಮ್ಯಾನ್. ಅವರ ದಾಖಲೆಯಲ್ಲಿ, ಪ್ರತಿ ಪ್ರಶ್ನೆಯ ಹನ್ನೊಂದು ಸೆಕೆಂಡಿನ ನಂತರ, ಅಲೆಗಳಿದ್ದವು. ಜ್ವರದ ಕಾರಣಕ್ಕೆ ಅವರ ಶಸ್ತ್ರಚಿಕಿತ್ಸೆಯನ್ನು ಮುಂದೂಡಲಾಗಿತ್ತು, ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಮರುದಿನ ಬೆಳಿಗ್ಗೆ ಕೇಂದ್ರದ ವಾಹನ ಹೊನ್ನಾಳಿಗೆ ಹೋಯಿತು.